ಆ ಎರಡು ಗೆರೆ ಎಳೆದವನು ಜೈಲಲ್ಲಿ ಸತ್ತ

ಮನೆಯಲ್ಲಿ ಮೂರನೇ ಕ್ಲಾಸಿನ ಮಗು ಇದ್ದರೆ ಈ ಲೆಕ್ಕ ಕೊಟ್ಟು ನೋಡಿ: 8 + 4 = □ + 5. ಬಹಳಷ್ಟು ಮಕ್ಕಳು ಖಾಲಿ ಜಾಗದಲ್ಲಿ 12 ಅಂತ ಬರೀತಾರೆ. ಸರಿಯುತ್ತರ 7. ಮಗುವಿಗೆ ಕೂಡಲು ಬರುತ್ತೆ, ಆದರೆ = ಅನ್ನೋದನ್ನು ಅದು ‘ಈಗ ಉತ್ತರ ಬರೆ’ ಎಂಬ ಆದೇಶದಂತೆ ಓದಿಕೊಂಡಿದೆ. ಅದು ಆದೇಶವಲ್ಲ, ತಕ್ಕಡಿ. ಎಡಗಡೆ ಇರುವುದೂ ಬಲಗಡೆ ಇರುವುದೂ ಒಂದೇ ತೂಕ ಎಂಬ ಹೇಳಿಕೆ.

ಈ ಚಿಹ್ನೆಗೆ ವಯಸ್ಸು ಅಂಥಾ ಹೆಚ್ಚೇನಲ್ಲ. + ಮತ್ತು − 1489ರಲ್ಲೇ ಲೈಪ್‌ಜಿಗ್‌ನಲ್ಲಿ ಅಚ್ಚಾದ ವ್ಯಾಪಾರಿ ಲೆಕ್ಕದ ಪುಸ್ತಕವೊಂದರಲ್ಲಿ ಸಿಗುತ್ತವೆ. ಆದರೆ ‘ಸಮ’ ಅನ್ನೋದನ್ನು ಯುರೋಪಿನ ಪಂಡಿತರು ಅಕ್ಷರದಲ್ಲೇ ಬರೀತಿದ್ದರು. 1557ರಲ್ಲಿ ವೇಲ್ಸ್ ಮೂಲದ ವೈದ್ಯ ರಾಬರ್ಟ್ ರೆಕಾರ್ಡ್, ‘ದಿ ವೆಟ್‌ಸ್ಟೋನ್ ಆಫ್ ವಿಟ್’ ಪುಸ್ತಕ ಬರೆಯುವಾಗ, ಅದೇ ಪದವನ್ನು ಮತ್ತೆ ಮತ್ತೆ ಬರೆಯೋ ಬೇಜಾರಿಗೆ ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಎಳೆದ. ಇವಕ್ಕಿಂತ ಸಮನಾದ ಜೋಡಿ ಇರಲಾರದು ಅನ್ನೋದು ಅವನು ಕೊಟ್ಟ ಕಾರಣ.

ಅವನು ಬರೆದದ್ದು ಇಂಗ್ಲಿಷಿನಲ್ಲಿ. ಆಗ ಅದು ಬೀದಿಯ ಭಾಷೆ, ವಿದ್ಯೆಯೆಲ್ಲ ಲ್ಯಾಟಿನ್‌ನಲ್ಲಿ. (ನಮ್ಮ ರಾಜಾದಿತ್ಯ 12ನೇ ಶತಮಾನದಲ್ಲೇ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದ ಅನ್ನೋದು ನೆನಪಿರಲಿ.)

ಅದೇ 1557ರಲ್ಲಿ ಕೋರ್ಟು ರೆಕಾರ್ಡ್ ತಲೆ ಮೇಲೆ 1,000 ಪೌಂಡ್ ಹೊರಿಸಿತು. ಮಾಡಿದ ತಪ್ಪೇನು? ಪ್ರಭಾವಿ ಶ್ರೀಮಂತ ಪೆಂಬ್ರೋಕ್‌ನ ಅರ್ಲ್ ಅಧಿಕಾರ ದುರುಪಯೋಗ ಮಾಡ್ತಿದ್ದಾನೆ ಅಂತ ದೂರು ಕೊಟ್ಟಿದ್ದ. ಅರ್ಲ್ ತಿರುಗಿ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಇವತ್ತಿನ ಯಾವ ಪತ್ರಕರ್ತರಿಗೂ ಈ ದಾರಿ ಅಪರಿಚಿತವಲ್ಲ. 1558ರಲ್ಲಿ ರೆಕಾರ್ಡ್ ಲಂಡನ್ನಿನ ಕಿಂಗ್ಸ್ ಬೆಂಚ್ ಜೈಲಿನಲ್ಲೇ ತೀರಿಕೊಂಡ.

ಚಿಹ್ನೆಯೂ ಕೂಡಲೇ ಗೆಲ್ಲಲಿಲ್ಲ. ಮತ್ತೆ ಅಚ್ಚಿನಲ್ಲಿ ಕಾಣಿಸಿದ್ದು 1618ರಲ್ಲಿ. 1637ರಲ್ಲೂ ಡೆಕಾರ್ಟ್ ಬೇರೆಯದೇ ಗುರುತು ಬಳಸಿದ. ಕೊನೆಗೆ ನ್ಯೂಟನ್, ಲೈಬ್ನಿಜ್ ಇಬ್ಬರೂ = ಹಿಡಿದರು. ಕ್ಯಾಲ್ಕುಲಸ್ ಯಾರದು ಅಂತ ಕಿತ್ತಾಡಿದವರು ಇದೊಂದರಲ್ಲಿ ಒಂದಾಗಿದ್ದರು.

ಆಮೇಲೆ ನಮ್ಮ ಎಂಜಿನಿಯರ್ ಜಾತಿಯವರು ಬಂದರು. ಸರಿಯಾಗಿ 400 ವರ್ಷಕ್ಕೆ, 1957ರಲ್ಲಿ, ಐಬಿಎಂನ ಫೋರ್ಟ್ರಾನ್ ಭಾಷೆ = ಅನ್ನು ನಿಜಕ್ಕೂ ಆದೇಶವನ್ನಾಗಿ ಮಾಡಿಬಿಟ್ಟಿತು: ಬಲಗಡೆಯದನ್ನು ಲೆಕ್ಕ ಹಾಕಿ ಎಡಗಡೆಯ ಡಬ್ಬಿಗೆ ತುಂಬು. ಕಾಲೇಜಿನ ಲ್ಯಾಬಲ್ಲಿ ಮೊದಲ ಸಲ ಎಕ್ಸ್ = ಎಕ್ಸ್ + 1 ನೋಡಿ ತಲೆ ಕೆಟ್ಟಿತ್ತು. ಗಣಿತದಲ್ಲಿ ಅದು ಶುದ್ಧ ಸುಳ್ಳು. ಸಿ ಭಾಷೆಯಲ್ಲಿ ಎರಡು ಕಡೆಯೂ ಸಮವೇ ಅಂತ ಕೇಳಬೇಕಿದ್ದರೆ == ಅಂತ ಎರಡು ಸಲ ಒತ್ತಬೇಕು. ಒಂದನ್ನು ಮರೆತರೆ ಕಂಪ್ಯೂಟರ್ ಎಷ್ಟೋ ಸಲ ತಕರಾರೇ ಮಾಡಲ್ಲ. ಸಮವೇ ಅಂತ ನೋಡುವ ಬದಲು, ಎಡಗಡೆ ಇದ್ದದ್ದನ್ನು ಸದ್ದಿಲ್ಲದೆ ಅಳಿಸಿ ಬಲಗಡೆಯದನ್ನೇ ಅಲ್ಲಿ ಬರೆದುಬಿಡುತ್ತೆ. ಹಾಗೆ ಬಿಟ್ಟುಹೋದ ಒಂದು ಗುರುತು ಹುಡುಕುತ್ತಾ ನಾನು ಇಡೀ ರಾತ್ರಿ ಕೂತಿದ್ದೇನೆ.