ಹನ್ನೆರಡು ವರ್ಷದ ನೆರೆತನ

ಮಂಜೂರೆಂದರೆ ನಮ್ಮ ಮಂಜೇಶ್ವರದ ಪಕ್ಕದ ಊರಲ್ಲ. ನೀಲಗಿರಿಯ ಕುಂದಾ ಸೀಮೆಯ ಚಹಾತೋಟಗಳ ನಡುವಣ ಊರು. ಸುತ್ತಲ ಹಟ್ಟಿಗಳಲ್ಲಿ ಬಡಗರು. ಅವರ ಮಾತು ಕನ್ನಡದ ಒಡಹುಟ್ಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1846ರಲ್ಲಿ ಅದೇ ಬೆಟ್ಟದ ಕೇತಿಯಲ್ಲಿ ನೆಲೆನಿಂತರು. ಅವರಿಗೆ ಆಸರೆಯಾದ ನಿವೃತ್ತ ಅಧಿಕಾರಿ ಕಾಸಮೇಜರ್, ಬಡಗರೊಡನೆ ಮಾತಾಡಲೆಂದೇ ಇಳಿವಯಸ್ಸಿನಲ್ಲಿ ಕನ್ನಡ ಕಲಿತರು; ಮಕ್ಕಳಿಗೆ ಶಾಲೆ ತೆರೆದರು. 1849ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಭಾಗವನ್ನು ಆ ಕೆಲಸಕ್ಕೇ ಬಿಟ್ಟುಹೋದರು.

ಬಡಗರಲ್ಲಿ ಮೊದಲನೆಯವನು ಕ್ರೈಸ್ತನಾದದ್ದು 1858ರಲ್ಲಿ. ಕಾಸಮೇಜರ್ ಅದನ್ನು ಕಾಣಲಿಲ್ಲ. ಫಲ ಕಾಣದೆಯೂ ಕೈಬಿಡದಿರುವುದೇ ವಿಶ್ವಾಸ. ಲಾಭವೆಣಿಸದೆ ನೆರೆಯವನ ನುಡಿ ಕಲಿಯುವುದೇ ಸ್ನೇಹ. ಯಾರ ಮತ ಯಾವುದೇ ಇರಲಿ, ಈ ಗುಣ ಎಲ್ಲರಿಗೂ ಸಲ್ಲುವಂಥದು. ಎರಡು ನುಡಿಗಳ ಗಡಿಯಲ್ಲಿ ಬಾಳುವ ನಾವು ಇದನ್ನು ಬಲ್ಲೆವು: ನಮ್ಮ ಮಾತು ಕಲಿತು ಮನೆಗೆ ಬಂದವನನ್ನು ನಾವೆಂದೂ ಮರೆಯುವುದಿಲ್ಲ.