ಸುಳ್ಳು ಆದಾಯ ಕೇಳುವ ಮಾಸಾಶನ

ಕಂದಾಯ ಇಲಾಖೆಯಲ್ಲಿ ಮೂರು ದಶಕ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಬಸವೇಶ್ವರನಗರದಲ್ಲಿ ಈಗ ಉಳಿದಿರುವ ಉದ್ಯೋಗವೆಂದರೆ ಸುತ್ತಲಿನವರಿಗೆ ಅರ್ಜಿ ತುಂಬಿಕೊಡುವುದು. ಕೆಲವು ತಿಂಗಳ ಹಿಂದೆ ಕಾಮಾಕ್ಷಿಪಾಳ್ಯದಿಂದ ತಾಯಿಯೊಬ್ಬರು ಒಂಬತ್ತು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಸೆರೆಬ್ರಲ್ ಪಾಲ್ಸಿ ಇರುವ ಆ ಹುಡುಗಿ ಆಸರೆಯಿಲ್ಲದೆ ಕೂರಲಾರಳು. ವೈದ್ಯಕೀಯ ಮಂಡಳಿ ನೀಡಿರುವ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 85. ತಂದೆ ಲೇತ್ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಸಂಬಳ ತಿಂಗಳಿಗೆ 17 ಸಾವಿರ. ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದಲ್ಲಿದ್ದವರು, ಮಗುವಿಗೆ ಎರಡು ವರ್ಷವಾದಾಗ ಅದನ್ನು ಬಿಟ್ಟರು.

ಅಂಗವಿಕಲರ ಮಾಸಾಶನದ ಅರ್ಜಿಯಲ್ಲಿ ಎಲ್ಲವೂ ಸರಾಗವಾಗಿ ತುಂಬಿತು. ಕುಟುಂಬದ ಆದಾಯ ಎಂಬಲ್ಲಿ ನನ್ನ ಲೇಖನಿ ನಿಂತಿತು.

‘ಮೂವತ್ತೆರಡು ಸಾವಿರ ದಾಟಬಾರದಂತೆ ಸಾರ್. ತಿಂಗಳಿಗಾ?’ ಎಂದರು ಆಕೆ.

‘ಇಲ್ಲಮ್ಮ, ವರ್ಷಕ್ಕೆ’ ಎಂದೆ.

ಆಕೆ ನಕ್ಕುಬಿಟ್ಟರು. ‘ಹಂಗಾದ್ರೆ ಸುಳ್ಳೇ ಬರೀಬೇಕಲ್ಲ ಸಾರ್.’

ವರ್ಷಕ್ಕೆ 32,000 ಎಂದರೆ ತಿಂಗಳಿಗೆ 2,667 ರೂಪಾಯಿ, ದಿನಕ್ಕೆ 88. ವಿಜಯನಗರದಿಂದ ಕೆಂಗೇರಿಯವರೆಗೆ ಎಲ್ಲಿ ಹುಡುಕಿದರೂ ಈ ಹಣಕ್ಕೆ ಒಂದು ಕೋಣೆ ಬಾಡಿಗೆಗೆ ಸಿಗುವುದು ಕಷ್ಟ. ಮನೆಯಲ್ಲಿ ಒಬ್ಬರು ಕನಿಷ್ಠ ವೇತನಕ್ಕೆ ದುಡಿಯುತ್ತಿದ್ದರೂ ಆ ಕುಟುಂಬ ಮಿತಿಯಿಂದಾಚೆಗೆ ಹೋಗುತ್ತದೆ. ಬಿಪಿಎಲ್ ಪಡಿತರ ಚೀಟಿಗೆ ಇದೇ ರಾಜ್ಯ ಇಟ್ಟಿರುವ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅಂದರೆ ಅಕ್ಕಿಗೆ ಬಡವರೆನಿಸಿಕೊಂಡವರು ಅಂಗವಿಕಲ ಮಗುವಿನ ಮಾಸಾಶನಕ್ಕೆ ಬಡವರಲ್ಲ!

ಹಾಗಿದ್ದೂ ನಗರದಲ್ಲಿ ಮಾಸಾಶನ ಪಡೆಯುವವರಿದ್ದಾರಲ್ಲ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ತಹಶೀಲ್ದಾರನಾಗಿದ್ದಾಗ ಅಂಥ ಆದಾಯ ಪ್ರಮಾಣಪತ್ರಗಳಿಗೆ ನಾನೇ ಸಹಿ ಹಾಕಿದ್ದೇನೆ. ನಮೂದಿಸಿದ ಮೊತ್ತ ನಿಜವಲ್ಲವೆಂದು ಅರ್ಜಿದಾರರಿಗೂ, ಮಹಜರು ಬರೆದವರಿಗೂ, ನನಗೂ ತಿಳಿದಿರುತ್ತಿತ್ತು. ಕರುಣೆಯಿಂದ ಮಾಡಿದೆನೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಈಗ ಹಿಂದಿರುಗಿ ನೋಡಿದಾಗ ಅದು ಕರುಣೆಯಾಗಿರಲಿಲ್ಲ ಎನಿಸುತ್ತದೆ. ಹಕ್ಕಾಗಿ ಸಲ್ಲಬೇಕಾದುದು ಅಧಿಕಾರಿಯ ದಾಕ್ಷಿಣ್ಯವಾಗಿ ಸಂದಿತು. ಮಧ್ಯವರ್ತಿಗೆ ಕಮಿಷನ್ ಹುಟ್ಟಿತು. ಸುಳ್ಳು ಹೇಳಲೊಪ್ಪದವರಿಗೆ ಏನೂ ಸಿಗಲಿಲ್ಲ. ಹೇಳಿದವರು ಕಂಪ್ಯೂಟರು ಯಾವಾಗ ದಾಖಲೆಗಳನ್ನು ತಾಳೆ ನೋಡಿ ಹೆಸರು ತೆಗೆದುಹಾಕೀತೋ ಎಂದು ಹೆದರುತ್ತಲೇ ಇರಬೇಕಾಯಿತು.

ಈ ಮಿತಿಯ ಹಿಂದಿರುವ ಆರ್ಥಿಕ ತರ್ಕವೇ ದೋಷಪೂರ್ಣವಾದುದು. ಅಮರ್ತ್ಯ ಸೇನ್ ಅವರು ‘ದಿ ಐಡಿಯಾ ಆಫ್ ಜಸ್ಟಿಸ್’ (2009) ಕೃತಿಯಲ್ಲಿ ಅಂಗವೈಕಲ್ಯ ಕುಟುಂಬಕ್ಕೆ ಎರಡು ಬಗೆಯಲ್ಲಿ ಹೊಡೆತ ನೀಡುತ್ತದೆ ಎನ್ನುತ್ತಾರೆ. ಮೊದಲನೆಯದು ಗಳಿಕೆಯ ತೊಡಕು. ಎರಡನೆಯದು ಪರಿವರ್ತನೆಯ ತೊಡಕು, ಅಂದರೆ ಗಳಿಸಿದ ಅದೇ ಹಣದಿಂದ ಇತರರಷ್ಟು ಬದುಕನ್ನು ಕಟ್ಟಿಕೊಳ್ಳಲಾಗದಿರುವುದು. ಬ್ರಿಟನ್ನಿನ ಅಂಕಿಅಂಶಗಳನ್ನು ಆಧರಿಸಿದ ವೀಬ್ಕೆ ಕುಕ್ಲಿಸ್ ಅವರ ಅಧ್ಯಯನವನ್ನು ಅವರು ಉಲ್ಲೇಖಿಸುತ್ತಾರೆ. ಅಲ್ಲಿ ಒಟ್ಟಾರೆ ಶೇ 17.9 ಮಂದಿ ಬಡತನದ ರೇಖೆಗಿಂತ ಕೆಳಗಿದ್ದರೆ, ಅಂಗವಿಕಲ ಸದಸ್ಯರಿರುವ ಕುಟುಂಬಗಳಲ್ಲಿ ಈ ಪ್ರಮಾಣ ಶೇ 23.1. ಪರಿವರ್ತನೆಯ ತೊಡಕನ್ನೂ ಲೆಕ್ಕಕ್ಕೆ ಹಿಡಿದಾಗ ಅದು ಶೇ 47.4ಕ್ಕೆ ಏರುತ್ತದೆ.

ಕಾಮಾಕ್ಷಿಪಾಳ್ಯದ ಮನೆಗೆ ಇದನ್ನು ಅನ್ವಯಿಸಿ ನೋಡಬಹುದು. ತಾಯಿ ಬಿಟ್ಟ ಹೊಲಿಗೆ ಕೆಲಸದ ಸಂಬಳ ಗಳಿಕೆಯ ತೊಡಕು. ಫಿಸಿಯೋಥೆರಪಿ, ಡೈಪರ್, ಔಷಧಿ, ಕಾಲಿನ ಪಟ್ಟಿ ಮತ್ತು ಬೆಳೆಯುತ್ತಿರುವ ಮಗುವನ್ನು ಎತ್ತಿಕೊಂಡು ಬಸ್ ಹತ್ತಲಾರದೆ ಹಿಡಿಯುವ ಆಟೊ ಪರಿವರ್ತನೆಯ ತೊಡಕು. ತಂದೆಯ 17 ಸಾವಿರ ಈ ಮನೆಯಲ್ಲಿ 17 ಸಾವಿರವಾಗಿ ಉಳಿಯುವುದಿಲ್ಲ. ಆದರೆ ಅರ್ಜಿ ಕೇಳುವುದು ಒಳಬಂದ ಹಣವನ್ನು ಮಾತ್ರ.

ಇದೇ ಬಡಾವಣೆಯಲ್ಲಿ ಅಷ್ಟೇ ತೀವ್ರ ಅಂಗವೈಕಲ್ಯವುಳ್ಳ ಮಗುವಿರುವ ಉನ್ನತ ಅಧಿಕಾರಿಯೊಬ್ಬರಿದ್ದಾರೆ ಎಂದುಕೊಳ್ಳೋಣ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆಯ್ದುಕೊಂಡರೆ ಅವರ ಆದಾಯದಲ್ಲಿ 1.25 ಲಕ್ಷ ರೂಪಾಯಿಗೆ ವಿನಾಯಿತಿ ದೊರೆಯುತ್ತದೆ. ನಿಜವಾದ ವೆಚ್ಚ ಅದಕ್ಕಿಂತ ಕಡಿಮೆಯಿದ್ದರೂ ಮೊತ್ತ ಇಳಿಯುವುದಿಲ್ಲ. ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಇದರಿಂದ ಸೆಸ್ ಬಿಟ್ಟು 37,500 ರೂಪಾಯಿ ಉಳಿತಾಯ. ಇದಕ್ಕೆ ಆದಾಯದ ಗರಿಷ್ಠ ಮಿತಿಯಿಲ್ಲ. ಶೇ 75ಕ್ಕೂ ಮಿಗಿಲಾದ ಅಂಗವೈಕಲ್ಯಕ್ಕೆ ರಾಜ್ಯ ನೀಡುವ 1,400 ರೂಪಾಯಿ ಮಾಸಾಶನ ವರ್ಷಕ್ಕೆ 16,800 ಆಗುತ್ತದೆ. ಒಂದನ್ನು ಕೇಂದ್ರ ಬಿಟ್ಟುಕೊಡುತ್ತದೆ, ಇನ್ನೊಂದನ್ನು ರಾಜ್ಯ ಕೊಡುತ್ತದೆ ಎಂಬುದು ನಿಜ. ಆದರೂ ಎರಡೂ ಸಾರ್ವಜನಿಕ ಹಣವೇ. ಅಧಿಕಾರಿಗೆ ದೊರೆಯುವ ವಿನಾಯಿತಿ ತಪ್ಪೆಂದು ನಾನು ಹೇಳುತ್ತಿಲ್ಲ. ಮಗುವಿನ ಹೆಚ್ಚುವರಿ ಅಗತ್ಯವನ್ನು ಒಪ್ಪಿಕೊಂಡ ಆ ತತ್ವ ಕಾರ್ಮಿಕನ ಮನೆಗೇಕೆ ಅನ್ವಯಿಸುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಿಂದ ಈ ಹುಡುಗಿಗೆ ಉಪಯೋಗವಿಲ್ಲ. ಅದು 18 ತುಂಬಿದ ಬಡ ಕುಟುಂಬದವರಿಗೆ, ಅದೂ ಶೇ 80ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯಕ್ಕೆ ಮಾತ್ರ. ತಿಂಗಳಿಗೆ 300 ರೂಪಾಯಿಯ ಅದರ ಪಾಲು 2012ರಲ್ಲಿ ನಿಗದಿಯಾದದ್ದು.

2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ 21ಕ್ಕೆ ವಿಸ್ತರಿಸಿತು. ಅದರ 24ನೇ ಸೆಕ್ಷನ್ ಪ್ರಕಾರ ಅಂಗವಿಕಲರಿಗೆ ನೀಡುವ ನೆರವು ಇತರರಿಗಿರುವ ಅಂಥದೇ ಯೋಜನೆಯ ನೆರವಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಸಂಧ್ಯಾ ಸುರಕ್ಷಾ ಯೋಜನೆಯ ವೃದ್ಧಾಪ್ಯ ವೇತನ 1,200 ರೂಪಾಯಿ. ಅದಕ್ಕೆ ಕಾಲುಭಾಗ ಕೂಡಿಸಿದರೆ 1,500. ಶೇ 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ ನೀಡುವ 800ಆಗಲಿ, ಅದಕ್ಕೂ ಮೇಲಿನವರ 1,400ಆಗಲಿ ಈ ಅಳತೆಗೆ ನಿಲ್ಲುವುದಿಲ್ಲ. ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತೂ ಅದೇ ಸೆಕ್ಷನ್ನಿನಲ್ಲಿದೆ, ನಿಜ. ಅದನ್ನೇ ಶಾಶ್ವತ ನೆಪ ಮಾಡಿಕೊಳ್ಳುವುದು ಕಾಯ್ದೆಯ ಉದ್ದೇಶವಾಗಿರಲಾರದು.

ಬೊಕ್ಕಸಕ್ಕೆ ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. 2011ರ ಜನಗಣತಿಯಂತೆ ರಾಜ್ಯದಲ್ಲಿ ಎಲ್ಲ ವಯಸ್ಸಿನ ಅಂಗವಿಕಲರ ಸಂಖ್ಯೆ 13.24 ಲಕ್ಷ, ಮಕ್ಕಳು ಅದರಲ್ಲೊಂದು ಭಾಗ. ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಿ ಪ್ರಮಾಣಪತ್ರ ಪಡೆದವರು ಮಾತ್ರ ಅರ್ಹರಾದ್ದರಿಂದ ಸೋಸುವ ಕೆಲಸ ಮೊದಲೇ ಆಗಿರುತ್ತದೆ. ಉಳ್ಳವರನ್ನು ಹೊರಗಿಡಲೇಬೇಕೆಂದರೆ ಅದಕ್ಕೂ ಮಾದರಿಯಿದೆ. 2023ರ ಗೃಹಲಕ್ಷ್ಮಿ ಯೋಜನೆ ಆದಾಯ ತೆರಿಗೆ ಅಥವಾ ಜಿಎಸ್‌ಟಿ ವ್ಯಾಪ್ತಿಯಲ್ಲಿರುವ ಕುಟುಂಬಗಳನ್ನು ಕೈಬಿಟ್ಟಿತೇ ಹೊರತು 32 ಸಾವಿರದ ಗೆರೆ ಎಳೆಯಲಿಲ್ಲ. ಅಂಗವಿಕಲ ಮಕ್ಕಳ ಮಾಸಾಶನಕ್ಕೂ ಅದೇ ಮಾನದಂಡ ಸಾಕು. ಇದು ತಕ್ಷಣ ಸಾಧ್ಯವಿಲ್ಲವೆಂದಾದರೆ ಮಿತಿಯನ್ನು ಪಡಿತರ ಚೀಟಿಯ ಮಟ್ಟಕ್ಕಾದರೂ ಏರಿಸಲಿ.

ಅಲ್ಲಿಯವರೆಗೆ ಪೋಷಕರು ಆದಾಯದ ಗೋಜಿಲ್ಲದ ಸವಲತ್ತುಗಳನ್ನು ಬಿಡಬಾರದು. ಯುಡಿಐಡಿ ಕಾರ್ಡು ಎಲ್ಲಕ್ಕೂ ಮೂಲ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಪ್ರಮಾಣಪತ್ರವನ್ನು ಮಾರ್ಗಸೂಚಿಯಂತೆ 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. ಮರೆತರೆ ಸವಲತ್ತು ನಿಲ್ಲುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷದವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಇಂಥ ಮಕ್ಕಳಿಗೆ 18 ತುಂಬಿದ ಮೇಲೆ ತಂದೆ–ತಾಯಿಯೂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪಾಲಕತ್ವ ಪಡೆಯಬಹುದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಇದನ್ನೆಲ್ಲ ಆ ತಾಯಿಗೆ ವಿವರಿಸಿದೆ. ನಿರಾಮಯದ ಅರ್ಜಿಯನ್ನು ಅಂದೇ ಮುಗಿಸಿದೆವು. ಮಾಸಾಶನದ ಅರ್ಜಿಯಲ್ಲಿ ನಿಜವಾದ ಆದಾಯವನ್ನೇ ಬರೆಯೋಣ, ತಿರಸ್ಕರಿಸಿದರೆ ಆ ಹಿಂಬರಹವನ್ನೇ ಇಟ್ಟುಕೊಂಡು ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ನೀಡೋಣ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೀತನಕ ದುಡ್ಡು ಬರಲ್ಲ ಅಲ್ವಾ ಸಾರ್’ ಎಂದರು. ಆದಾಯದ ಜಾಗವನ್ನು ಖಾಲಿ ಬಿಟ್ಟ ಅರ್ಜಿಯನ್ನು ಮಡಿಚಿಕೊಂಡು, ಮಗಳನ್ನು ಎತ್ತಿಕೊಂಡು ಹೊರಟರು. ಅದನ್ನು ಅನಂತರ ಯಾರು, ಹೇಗೆ ತುಂಬಿದರೆಂದು ನಾನು ಕೇಳಿಲ್ಲ. ಕೇಳುವ ನೈತಿಕ ಅಧಿಕಾರ ನನಗೂ ಇಲ್ಲ, ನಾನು ಸೇವೆ ಸಲ್ಲಿಸಿದ ಸರ್ಕಾರಕ್ಕೂ ಇಲ್ಲ. ಆ ಗೆರೆಯನ್ನು ಅಳಿಸುವುದು ಮಾತ್ರ ಸರ್ಕಾರದ ಕೈಯಲ್ಲಿದೆ.