ಎಳ್ಳಮಾವಾಸ್ಯೆಯಂದು ಹಿಮದ ಸೆರೆಯಲ್ಲಿ

ಗುರುಮಠಕಲ್ಲಿನಲ್ಲಿ ಹುಟ್ಟಿ ಬೆಳೆದ ನನಗೆ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂಡ್ರುವುದೆಂದರೆ ಬೇಸಿಗೆಯ ಮಧ್ಯಾಹ್ನವೇ ನೆನಪಾಗುತ್ತದೆ. ಬಿಸಿಲು 42 ಡಿಗ್ರಿ ದಾಟಿ ಹಾಸುಗಲ್ಲು ಕಾದು ಕೆಂಡವಾದಾಗ ಹೊತ್ತು ಇಳಿಯುವವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಚಳಿಗೆ ಅಂಜಿ, ಅದೂ ಮೂರು ದಿನ, ಬಾಗಿಲ ಹಿಂದೆ ಕುಳಿತುಕೊಳ್ಳುವ ಪ್ರಸಂಗ ನನ್ನ ಬಾಳಿನಲ್ಲಿ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕೆಯ ಬಫಲೊ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಅದು ಬಂದಿತು. ಈಗ ನಮ್ಮ ಸಮಾಜದ ಅನೇಕ ಮನೆಗಳಿಂದ ಹಿರಿಯರು ಮಕ್ಕಳಿದ್ದಲ್ಲಿಗೆ ಹೋಗಿಬರುತ್ತಿರುವುದರಿಂದ ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 23ರ ಶುಕ್ರವಾರ ಬಿದ್ದಿತ್ತು. ಬಫಲೊ ಗಡಿಯಾರ ನಮಗಿಂತ ಹತ್ತೂವರೆ ತಾಸು ಹಿಂದೆ. ಅಲ್ಲಿ ಗುರುವಾರ ರಾತ್ರಿ ಒಂಬತ್ತು ಗಂಟೆಯಾಗಿದ್ದಾಗ ಊರಿನಲ್ಲಿ ಹಬ್ಬದ ಮುಂಜಾವು. ತಮ್ಮ ಫೋನು ಮಾಡಿದ. "ಅಣ್ಣಾ, ಬಂಡಿ ಹೂಡೀವಿ. ಸಜ್ಜಿ ಕಡಬು, ಭಜ್ಜಿ ಎಲ್ಲಾ ಕಟ್ಟೀವಿ. ನೀವಿಬ್ಬರೂ ಇಲ್ಲ ಅಂಬೋದೇ ಒಂದು ಕೊರತಿ ನೋಡ್ರಿ" ಎಂದ. ಊರಿಗೆ ಊರೇ ಹೊಲಕ್ಕೆ ಹೋಗುವ ದಿನ ಅದು. ನಿಂತ ಪೈರಿನ ನಡುವೆ ಚರಗ ಚೆಲ್ಲಿ, ಹಾದಿಹೋಕರನ್ನೂ ಕರೆದು ಕೂಡ್ರಿಸಿ ಉಣ್ಣುವ ದಿನ. ನಾವೂ ಮರುದಿನ ಮನೆಯ ಹಿತ್ತಿಲಲ್ಲಿಯೇ ಚರಗ ಚೆಲ್ಲೋಣವೆಂದು ನನ್ನ ಮನೆಯವರು ಮೊಮ್ಮಗನಿಗೆ ಮಾತು ಕೊಟ್ಟಿದ್ದರು.

ಶುಕ್ರವಾರ ನಸುಕಿನಲ್ಲಿ ಮಗಳು ತನ್ನ ಆಸ್ಪತ್ರೆಯ ಕೆಲಸಕ್ಕೆ ಹೊರಟಾಗ ಹೊರಗೆ ಬರೀ ಮಳೆ ಹನಿಯುತ್ತಿತ್ತು. ಎರಡು ಮೂರು ತಾಸಿನಲ್ಲಿ ಎಲ್ಲವೂ ಬದಲಾಯಿತು. ಉಷ್ಣಾಂಶ ಶೂನ್ಯಕ್ಕಿಂತ ಕೆಳಗೆ ಕುಸಿಯಿತು, ರಸ್ತೆಯ ಮೇಲಿನ ನೀರು ಗಾಜಾಯಿತು, ಗಾಳಿ ಎದ್ದಿತು. ಮುಂಜಾನೆ 9:30ರಿಂದ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ಅಷ್ಟು ಹೊತ್ತಿಗೆ ಸಾವಿರಾರು ಜನ ಮನೆ ಬಿಟ್ಟಾಗಿತ್ತು.

ಹಿಮ ಬೀಳುವುದೇ ಬೇರೆ, ಹಿಮದ ಬಿರುಗಾಳಿಯೇ ಬೇರೆ. ಗಾಳಿ ಗಂಟೆಗೆ 56 ಕಿಲೋಮೀಟರಿಗಿಂತ ಕಡಿಮೆಯಾಗದೆ, ಕಣ್ಣಿಗೆ 400 ಮೀಟರಿನಾಚೆ ಏನೂ ಕಾಣದೆ, ಹೀಗೆಯೇ ಮೂರು ತಾಸು ನಡೆದರೆ ಮಾತ್ರ ಅಲ್ಲಿನ ಹವಾಮಾನ ಇಲಾಖೆ ಅದನ್ನು 'ಬ್ಲಿಜರ್ಡ್' ಎನ್ನುತ್ತದೆ. ಬಫಲೊದಲ್ಲಿ ಅದು ಮೂರು ತಾಸಲ್ಲ, ಎಡೆಬಿಡದೆ 37 ತಾಸು ನಡೆಯಿತು. ಗಾಳಿಯ ಹೊಡೆತ ಒಮ್ಮೊಮ್ಮೆ 110 ಕಿಲೋಮೀಟರು ಮೀರಿತು. ಊರು ಈರಿ ಸರೋವರದ ಪೂರ್ವದ ತುದಿಯಲ್ಲಿದೆ. ಇನ್ನೂ ಹೆಪ್ಪುಗಟ್ಟದ ಆ ಸರೋವರದ ಉದ್ದಕ್ಕೂ ಬೀಸಿ ಬರುವ ಕೊರೆಯುವ ಗಾಳಿ ನೀರಿನ ಆವಿಯನ್ನು ಹೀರಿಕೊಂಡು ಬಂದು ದಂಡೆಯ ಊರಿನ ಮೇಲೆ ಹಿಮವಾಗಿ ಸುರಿಯುತ್ತದೆ. ಆ ಬಿರುಗಾಳಿ ಮುಗಿಯುವ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ 51.9 ಇಂಚು, ಎಂದರೆ ನಾಲ್ಕಡಿಗೂ ಮಿಕ್ಕು. 1977ರ ಜನವರಿಯಲ್ಲಿ ಇದೇ ಊರನ್ನು ಹೂಳಿದ ಬಿರುಗಾಳಿಯ ಕಥೆ ಇನ್ನೊಂದು ಬಗೆ. ಆಗ ಹೊಸದಾಗಿ ಬಿದ್ದ ಹಿಮ ಒಂದಡಿಯಷ್ಟೇ. ಹೆಪ್ಪುಗಟ್ಟಿದ ಸರೋವರದ ಮೇಲೆ ಮೊದಲೇ ರಾಶಿಬಿದ್ದಿದ್ದ ಹಿಮವನ್ನು ಗಾಳಿ ಎತ್ತಿ ತಂದು ಊರಿನ ಮೇಲೆ ಚೆಲ್ಲಿತ್ತು.

ಸಂಜೆಗೆ ಕಿಟಕಿಯಾಚೆ ಎದುರುಮನೆಯೂ ಕಾಣದಾಯಿತು. ಮಗಳು ಆಸ್ಪತ್ರೆಯಲ್ಲೇ ಉಳಿಯಬೇಕಾಗಿತ್ತು. ಅಳಿಯಂದಿರಿಗೆ ತಡೆಯಲಾಗಲಿಲ್ಲ. "ಆರು ಮೈಲಿ ಅಷ್ಟೇ ಮಾವ, ಮೆಲ್ಲಗೆ ಹೋಗಿ ಕರೆತರುತ್ತೇನೆ" ಎಂದು ಕೋಟು ತೊಟ್ಟು ಕಾರಿನ ಕೀಲಿ ಹಿಡಿದು ನಿಂತರು. ನಾನು ಸುಮ್ಮನಿದ್ದೆ, ಸಂಕೋಚ. ನನ್ನ ಮನೆಯವರು ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಅಪ್ಪಾ, ಆಕಿ ದವಾಖಾನ್ಯಾಗ ಬೆಚ್ಚಗ ಅದಾಳ. ನೀವು ಹಾದ್ಯಾಗ ಸಿಕ್ಕೊಂಡ್ರ ನಾವು ಯಾರನ್ನ ಕೇಳಬೇಕ್ರಿ? ಈ ಕೂಸಿಗೆ ಏನು ಹೇಳಬೇಕು?" ಎಂದರು. ಅವರು ಹಿಂದೆಂದೂ ಅಳಿಯನ ಮಾತಿಗೆ ಎದುರಾಡಿದವರಲ್ಲ. ಅಳಿಯಂದಿರು ಬಹಳ ಹೊತ್ತು ನಿಂತಿದ್ದು, ಕೀಲಿಯನ್ನು ಮೇಜಿನ ಮೇಲಿಟ್ಟರು.

ಆ ಮಾತಿನ ಬೆಲೆ ತಿಳಿದದ್ದು ಆಮೇಲೆ. ಆ ಬಿರುಗಾಳಿಯಲ್ಲಿ ಸತ್ತವರ ಸಂಖ್ಯೆ 40 ದಾಟಿತು. ಕೆಲವರು ಹಿಮದಲ್ಲಿ ಹೂತ ಕಾರಿನೊಳಗೆ, ಕೆಲವರು ಕಾರು ಬಿಟ್ಟು ನಡೆದುಹೋಗುವಾಗ, ಕೆಲವರು ಬೆಂಕಿಯಿಲ್ಲದ ಮನೆಯಲ್ಲಿ, ಕೆಲವರು ಹಿಮ ತೋಡುತ್ತಲೇ ಎದೆನೋವು ಬಂದು ತೀರಿಕೊಂಡರು. ಕರೆದರೂ ಆಂಬುಲೆನ್ಸು ಬರುವಂತಿರಲಿಲ್ಲ. ಅಗ್ನಿಶಾಮಕ ವಾಹನಗಳೇ ಹಿಮದಲ್ಲಿ ಸಿಕ್ಕಿಬಿದ್ದಿದ್ದವು. ನಮ್ಮ ಭೀಮಾ ತೀರದವರಿಗೆ 2020ರ ಅಕ್ಟೋಬರಿನ ಪ್ರವಾಹ ನೆನಪಿರಬೇಕು. ಅಲ್ಲಿ ಹೊತ್ತಿಗೆ ಸರಿಯಾಗಿ ಮನೆ ಬಿಡುವುದೇ ಜಾಣತನವಾಗಿತ್ತು. ಇಲ್ಲಿ ಅದಕ್ಕೆ ತೀರ ವಿರುದ್ಧ.

ಶುಕ್ರವಾರ ರಾತ್ರಿ ವಿದ್ಯುತ್ತು ಹೋಯಿತು. ಅಲ್ಲಿಯ ಮನೆಗಳನ್ನು ಬೆಚ್ಚಗಿಡುವ ಯಂತ್ರ ಉರಿಯುವುದು ಗ್ಯಾಸಿನಿಂದಲೇ ಆದರೂ ಬಿಸಿಗಾಳಿಯನ್ನು ಕೋಣೆಗಳಿಗೆ ದೂಡಲು ವಿದ್ಯುತ್ತು ಬೇಕು. ಅದು ನಿಂತೊಡನೆ ಮನೆ ತಣ್ಣಗಾಗತೊಡಗಿತು. ಅಡುಗೆಯ ಒಲೆ ಹೊತ್ತಿಸಿ ಕಾಸಿಕೊಳ್ಳೋಣವೆಂದು ನಾನೆಂದೆ. ಕೂಡದು ಎಂದರು ಅಳಿಯಂದಿರು. ಮುಚ್ಚಿದ ಮನೆಯಲ್ಲಿ ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಹೊರಗೋಡೆಯಲ್ಲಿರುವ ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿದರೂ ಇದೇ ಅಪಾಯ. ನಲ್ಲಿಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಿರಲೆಂದು ಸಣ್ಣಗೆ ಹನಿಯಲು ಬಿಟ್ಟರು. ನಾಲ್ವರೂ ಒಂದೇ ಕೋಣೆ ಸೇರಿ, ಕಿಟಕಿಗೆ ರಜಾಯಿ ಕಟ್ಟಿ, ಊರಿನಿಂದ ಒಯ್ದ ಕರಿ ಕಂಬಳಿಯೊಳಗೆ ಮೊಮ್ಮಗನನ್ನು ನಡುವೆ ಮಲಗಿಸಿಕೊಂಡೆವು. ಬೆಳಗಿನ ಜಾವಕ್ಕೆ ಅವನ ಕೈಬೆರಳು ಮುಟ್ಟಿದರೆ ಕಲ್ಲಿನಂತಿದ್ದವು. ನನ್ನ ಮನೆಯವರು ರಾತ್ರಿಯೆಲ್ಲ ಅವನ್ನು ತಿಕ್ಕುತ್ತಲೇ ಇದ್ದರು.

ಶನಿವಾರ ಮುಂಜಾನೆ ಪಕ್ಕದ ಮನೆಯಿಂದ ಫೋನು ಬಂದಿತು. ಅಲ್ಲಿದ್ದವರು ನಮ್ಮಷ್ಟೇ ವಯಸ್ಸಿನ ದಂಪತಿಗಳು. ಅವರ ಮನೆಯಲ್ಲಿ ಹಳೆಯ ತರಹದ, ವಿದ್ಯುತ್ತಿಲ್ಲದೆಯೂ ಉರಿಯುವ, ಹೊಗೆ ಹೊರಹೋಗಲು ತಕ್ಕ ದಾರಿಯಿದ್ದ ಅಗ್ಗಿಷ್ಟಿಕೆ ಇತ್ತು. "ಮಗುವನ್ನು ಕರೆದುಕೊಂಡು ಎಲ್ಲರೂ ಬನ್ನಿ" ಎಂದರು. ಇಲ್ಲೊಂದು ಮಾತನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ತಿಂಗಳೊಪ್ಪತ್ತು ಅವರ ಮಗ್ಗುಲಲ್ಲೇ ಇದ್ದೂ ನಾನು ಅವರಿಗೆ ಒಮ್ಮೆಯೂ ಶರಣು ಹೇಳಿರಲಿಲ್ಲ. ಗಡಿಯೂರಿನವನಾದ ನನಗೆ ಕನ್ನಡದೊಡನೆ ತೆಲುಗು, ಉರ್ದು ಎಲ್ಲ ಬರುತ್ತವೆ. ಇಂಗ್ಲಿಷ್ ಮಾತಿಗೆ ಮಾತ್ರ ನಾಲಿಗೆ ಏಳದು.

ಮನೆಯಿಂದ ಮನೆಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿಯೇ ದಾರಿ ತಪ್ಪಬಹುದೆಂದು ಅಳಿಯಂದಿರು ಮೊದಲು ತಾವೊಬ್ಬರೇ ಹೋಗಿ ಬಟ್ಟೆ ಒಣಹಾಕುವ ಹಗ್ಗವನ್ನು ಈ ಬಾಗಿಲಿನಿಂದ ಆ ಬಾಗಿಲಿಗೆ ಕಟ್ಟಿದರು. ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಅವರು ಮುಂದೆ, ನಾವು ಹಿಂದೆ. ಹಿಮ ನನ್ನ ನಡುಮಟ್ಟ. ಮುಂದಿದ್ದವರ ಬೆನ್ನು ಕೂಡ ಕಾಣುತ್ತಿರಲಿಲ್ಲ, ಕೈಯಲ್ಲಿ ಹಗ್ಗವೊಂದೇ. ಅಷ್ಟರಲ್ಲಿಯೂ ನನ್ನ ಮನೆಯವರು ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಮರೆತಿರಲಿಲ್ಲ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆ ಎಂಬುದು ಅವರ ಚಿಂತೆ!

ಎರಡು ರಾತ್ರಿ ಆ ಮನೆಯಲ್ಲಿ ಕಳೆದೆವು. ಭಾನುವಾರ ಅವರಿಗೆ ಕ್ರಿಸ್‌ಮಸ್. ಮುಂಜಾನೆ ನಾವು ಮೂಲೆಯಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವಾಗ ಅವರು ಪಿಸುಮಾತಿನಲ್ಲಷ್ಟೇ ಮಾತಾಡಿಕೊಂಡರು. ಆಮೇಲೆ ಅವರ ಪ್ರಾರ್ಥನೆ ಮುಗಿಯುವವರೆಗೆ ನಾವೂ ಸುಮ್ಮನೆ ಕುಳಿತೆವು. ಒಲೆಯಿಲ್ಲದೆಯೂ ತಿನ್ನಬಹುದಾದ, ತಿಂಗಳಾದರೂ ಕೆಡದ ನಮ್ಮ ಜೋಳದ ರೊಟ್ಟಿಯನ್ನು ಆ ತಾಯಿ ತಿರುವಿ ತಿರುವಿ ನೋಡಿದರು. ಹಿಂಡಿಯ ಖಾರಕ್ಕೆ ಅವರ ಯಜಮಾನರ ಕಣ್ಣಲ್ಲಿ ನೀರು ಬಂದರೂ ಮತ್ತೊಂದು ತುಣುಕಿಗೆ ಕೈ ಚಾಚಿದರು.

ಇಂತಹ ಮನೆಗಳು ಆ ದಿನ ಅಲ್ಲಿ ಇನ್ನೂ ಇದ್ದವು. ನಯಾಗರ ನೋಡಲು ಹೊರಟು ಹಿಮದಲ್ಲಿ ಸಿಕ್ಕ ಕೊರಿಯಾದ ಒಂಬತ್ತು ಪ್ರವಾಸಿಗರು ಸಲಿಕೆ ಕೇಳಲು ಒಂದು ಮನೆಯ ಬಾಗಿಲು ತಟ್ಟಿದರು. ಮನೆಯವರು ಸಲಿಕೆ ಕೊಡುವ ಬದಲು ಎಲ್ಲರನ್ನೂ ಒಳಗೆ ಕರೆದು ವಾರಾಂತ್ಯವೆಲ್ಲ ಇಟ್ಟುಕೊಂಡರು. ಇನ್ನೊಬ್ಬಾತ ಶಾಲೆಯೊಂದರ ಕಿಟಕಿ ಒಡೆದು, ದಾರಿಯಲ್ಲಿ ಸಿಕ್ಕಿಬಿದ್ದವರನ್ನು ಅಲ್ಲಿ ಸೇರಿಸಿ ಉಳಿಸಿದ. ಹೋಗುವಾಗ ಕಿಟಕಿಗಾಗಿ ಕ್ಷಮೆ ಕೇಳಿ ಚೀಟಿ ಬರೆದಿಟ್ಟು ಹೋದ.

ಸೋಮವಾರ ಮುಂಜಾನೆ ವಿದ್ಯುತ್ತು ಬಂದು ನಾವು ಮನೆಗೆ ಮರಳಿದೆವು. ಮಧ್ಯಾಹ್ನ ಮಗಳು ಮುಖ್ಯ ರಸ್ತೆಯಿಂದ ನಡೆದೇ ಬಂದಳು. ಮೂರು ದಿನ ನೆಲದ ಮೇಲೆ ಸರದಿಯಂತೆ ಮಲಗಿ ರೋಗಿಗಳನ್ನು ನೋಡಿಕೊಂಡಿದ್ದಳು. ಬಂದವಳು ಮೊದಲು ಮಗನ ಕೈ ಹಿಡಿದು ನೋಡಿದಳು. ಆಮೇಲೆ ಬಾಗಿಲಿನಿಂದ ಬಾಗಿಲಿಗೆ ಕಟ್ಟಿದ ಹಗ್ಗ ಕಂಡು "ಇದೇನವ್ವಾ?" ಎಂದು ಕೇಳಿದಳು.

ಹಗ್ಗವನ್ನು ಅಳಿಯಂದಿರು ಆ ಚಳಿಗಾಲ ಮುಗಿಯುವವರೆಗೂ ಬಿಚ್ಚಲಿಲ್ಲ.